ಸಂಪಾದಕರ ಉತ್ತರ: ಮಸಿ ಚೆಲ್ಲಿದ್ದಲ್ಲ, ಮೇಷ್ಟ್ರೇ

ತೀರ್ಥಹಳ್ಳಿ ಕಡೆಯ ನಿವೃತ್ತ ಕನ್ನಡ ಮೇಷ್ಟ್ರೊಬ್ಬರು ಬರೆದಿದ್ದಾರೆ: "ಕಳೆದ ಸಂಚಿಕೆಯಲ್ಲಿ ಜಪಾನಿನ ಶಿನೋಡಾ ಟೋಕೋ ಅವರ ಚಿತ್ರಕ್ಕೆ ಇಡೀ ಪುಟ ಕೊಟ್ಟಿದ್ದೀರಿ. ನಾಲ್ಕು ಕಪ್ಪು ಗೆರೆ, ಒಂದಿಷ್ಟು ಕೆಂಪು. ಮಸಿಕುಡಿಕೆ ಉರುಳಿಸಿದರೆ ನನ್ನ ಮೊಮ್ಮಗನೂ ಇಷ್ಟು ಮಾಡುತ್ತಾನೆ. ಅಮೆರಿಕದವರ ನಕಲನ್ನು ಪೂರ್ವದ ಕಲೆಯೆಂದು ನಮಗೇಕೆ ಬಡಿಸುತ್ತೀರಿ?"

ಮೇಷ್ಟ್ರೇ, ನಿಮ್ಮ ಮಾತಿನಲ್ಲಿ ಒಂದಂಶ ನಿಜ. ಅಮೂರ್ತದ ಹೆಸರಿನಲ್ಲಿ ಟೊಳ್ಳು ಮಾರುವವರು ಬೇಕಾದಷ್ಟಿದ್ದಾರೆ, ಹಾಗೆ ಮೋಸಹೋದವರಲ್ಲಿ ನಾನೂ ಒಬ್ಬ. ಅಷ್ಟನ್ನು ಒಪ್ಪಿಕೊಂಡ ಮೇಲೆ ಜಗಳಕ್ಕೆ ಬರುತ್ತೇನೆ.

ಜಗಳಕ್ಕೆ ಕಾರಣ ನಿಮ್ಮ ಪತ್ರವೇ. ನೀವು ಅದನ್ನು ಮಸಿಪೆನ್ನಿನಲ್ಲಿ, ಕೈಯಾರೆ ಬರೆದಿದ್ದೀರಿ. ನಿಮ್ಮ ದೀರ್ಘಗಳನ್ನೇ ನೋಡುತ್ತ ಕುಳಿತೆ. ಪೆನ್ನು ಮೊದಲು ಒತ್ತಿದೆ, ಆಮೇಲೆ ಹಗುರಾಗಿದೆ, ತುದಿಯಲ್ಲಿ ಕೂದಲೆಳೆಯಷ್ಟಾಗಿ ಕಾಗದ ಬಿಟ್ಟು ಎದ್ದಿದೆ. 'ನಕಲು' ಎಂಬ ಪದ ಬರೆಯುವಾಗ ನಿಮಗೆ ಸಿಟ್ಟಿತ್ತು, ಅಲ್ಲಿ ನಿಬ್ಬು ಕಾಗದವನ್ನು ಗೀರಿದೆ. ಆ ಪದದ ಅರ್ಥ ಗೊತ್ತಿಲ್ಲದವನಿಗೂ ಆ ಸಿಟ್ಟು ಕಾಣುತ್ತದೆ. ಶಿನೋಡಾ ಬಿಡಿಸುತ್ತಿದ್ದುದು ಇದನ್ನೇ, ಅಕ್ಷರವನ್ನು ಪಕ್ಕಕ್ಕಿಟ್ಟು.

ಆಕೆ ಹುಟ್ಟಿದ್ದು 1913ರಲ್ಲಿ. ಆರನೆಯ ವಯಸ್ಸಿಗೆ ತಂದೆಯೇ ಕುಂಚ ಹಿಡಿಸಿದರು. ನದಿ ಎಂಬುದಕ್ಕೆ ಅವರ ಲಿಪಿಯಲ್ಲಿ ಮೇಲಿಂದ ಕೆಳಕ್ಕೆ ಇಳಿಯುವ ಮೂರು ಗೆರೆ. ಮೂರೇ ಏಕಿರಬೇಕು ಎಂಬುದು ಆಕೆಯ ತಕರಾರು. ನಿಮ್ಮ ತುಂಗೆಯನ್ನು ಆಷಾಢದಲ್ಲಿ ನೋಡಿದವರು ಮೂರು ಗೆರೆಗೆ ಒಪ್ಪುತ್ತಾರೆಯೇ, ನೀವೇ ಹೇಳಿ. 1940ರ ಮೊದಲ ಪ್ರದರ್ಶನದಲ್ಲಿ ವಿಮರ್ಶಕರು ಇದು ಬೇರಿಲ್ಲದ ಕಲೆ ಎಂದರು. ನೀವು ಬರೆದದ್ದೂ ಹೆಚ್ಚುಕಡಿಮೆ ಅದನ್ನೇ, ಎಂಬತ್ತು ವರ್ಷ ತಡವಾಗಿ.

ಅಮೆರಿಕದ ವಿಚಾರ. ಆಕೆ 1956ರಲ್ಲಿ ನ್ಯೂಯಾರ್ಕಿಗೆ ಹೋದದ್ದು ನಿಜ, ಅಲ್ಲಿನವರ ಚಿತ್ರಗಳನ್ನು ನೋಡಿ ಹಿಗ್ಗಿದ್ದೂ ನಿಜ. ಎರಡು ವರ್ಷಕ್ಕೆ ವಾಪಸು ಬಂದರು. ಅಲ್ಲಿನ ಗಾಳಿ ಒಣಗಾಳಿ. ಮಸಿ ಕಾಗದದೊಳಗೆ ಹರಡುವ ಮೊದಲೇ ಆರಿಹೋಗುತ್ತಿತ್ತು. ಆಕೆಗೆ ಬೇಕಾಗಿದ್ದದ್ದು ಜಪಾನಿನ ತೇವ. ಮಲೆನಾಡಿನವರಿಗೆ ಇದನ್ನು ವಿವರಿಸಬೇಕೇ? ಮಳೆಗಾಲದಲ್ಲಿ ಹಾಳೆ ಥಂಡಿ ಹಿಡಿದು, ಬರೆದ ಅಕ್ಷರಕ್ಕೆ ಮೀಸೆ ಮೂಡುವುದನ್ನು ಕಂಡು ನೀವು ಎಷ್ಟು ಹುಡುಗರ ಕಿವಿ ಹಿಂಡಿದ್ದೀರೋ! ಆ ಮೀಸೆಗಾಗಿ ಒಬ್ಬಾಕೆ ನ್ಯೂಯಾರ್ಕನ್ನೇ ಬಿಟ್ಟು ಬಂದರು. ನಕಲು ಮಾಡುವವರು ಹವೆಯನ್ನು ಹುಡುಕಿಕೊಂಡು ಊರಿಗೆ ಮರಳುವುದಿಲ್ಲ.

ನಮ್ಮ ಭಾಷೆಯಲ್ಲಿ ದೀಪದ ಕರಿಯೂ ಮಸಿ, ಬರೆಯುವುದೂ ಮಸಿ. ಜಪಾನಿನಲ್ಲಿಯೂ ಬರೆಯುವ ಮಸಿ ಹುಟ್ಟುವುದು ಕರಿಯಿಂದಲೇ. ಪೈನ್ ಮರವನ್ನೋ ಎಣ್ಣೆಯನ್ನೋ ಉರಿಸಿದ ಕರಿಗೆ ಪ್ರಾಣಿಯ ಅಂಟು ಬೆರೆಸಿ ಕಡ್ಡಿ ಮಾಡುತ್ತಾರೆ. ಅದನ್ನು ಕಲ್ಲಿನ ಮೇಲೆ ನೀರು ಬಿಟ್ಟು, ನಾವು ಸಾಣೆಕಲ್ಲಿನಲ್ಲಿ ಗಂಧ ತೇಯುವಂತೆ, ನಿಧಾನವಾಗಿ ತೇಯಬೇಕು. ತೇಯುತ್ತ ತೇಯುತ್ತ ಕೈ ಹದಕ್ಕೆ ಬರುತ್ತದೆ. ಆಮೇಲೆ ಒಂದೇ ಎಳೆತ. ನಾವು ಮಕ್ಕಳಿಂದ ಅಕ್ಷರ ತಿದ್ದಿಸುತ್ತೇವೆ, ಆ ಕಾಗದದ ಮೇಲೆ ತಿದ್ದುವ ಮಾತೇ ಇಲ್ಲ. ಕುಂಚ ಅರೆಕ್ಷಣ ಅನುಮಾನಿಸಿದರೆ ಅಲ್ಲೇ ಕೆರೆ ನಿಲ್ಲುತ್ತದೆ. ಮೊಮ್ಮಗನಿಗೆ ಒಮ್ಮೆ ಹೇಳಿ ನೋಡಿ.

ಈ ಗೆರೆಗಳಿಗೂ ಕಾಡು ಬೆಟ್ಟಗಳಿಗೂ ನಂಟು ಕಟ್ಟಿದ್ದು ಆಧುನಿಕರಲ್ಲ. ನಾಲ್ಕನೆಯ ಶತಮಾನದ ಚೀನಾದಲ್ಲಿ ಲಿಪಿಕಲೆ ಕಲಿಸುತ್ತಿದ್ದ ವೆಯ್ ಎಂಬಾಕೆಯ ಹೆಸರಿನಲ್ಲಿ ಒಂದು ಪುಟ್ಟ ಪಾಠ ಉಳಿದು ಬಂದಿದೆ. ಅದರ ಪ್ರಕಾರ ಚುಕ್ಕೆ ಶಿಖರದಿಂದ ಉರುಳಿದ ಬಂಡೆಯಂತಿರಬೇಕು, ಅಡ್ಡಗೆರೆ ಕಣ್ಣು ಹಾಯುವಷ್ಟೂ ಹಬ್ಬಿದ ಮೋಡದಂತೆ, ಇಳಿಗೆರೆ ಮುದಿ ಬಳ್ಳಿಯಂತೆ. ಬಂಡೆಯ ಚಿತ್ರ ಬರೆ ಎಂದಲ್ಲ, ಬಂಡೆ ಬೀಳುವ ತೂಕ ಚುಕ್ಕೆಯಲ್ಲಿರಲಿ ಎಂದು. ಇದಕ್ಕಿಂತ ಅಮೂರ್ತ ಇನ್ನೇನು ಬೇಕು?

ನಿಮ್ಮ ಕಸುಬಿನವರೇ ಒಬ್ಬರನ್ನು ಪರಿಚಯಿಸಬೇಕು. ಇನೋವೆ ಯೂಯಿಚಿ, ಟೋಕಿಯೋದ ಶಾಲಾಮೇಷ್ಟ್ರು. 1945ರ ಮಾರ್ಚ್ 10ರ ವಿಮಾನ ದಾಳಿಯ ರಾತ್ರಿ ಶಾಲೆಯಲ್ಲಿದ್ದರು. ಅಲ್ಲಿ ಆಸರೆ ಪಡೆದಿದ್ದ ಜನ ಸುಟ್ಟುಹೋದರು, ಇವರು ಉಳಿದರು. 1952ರಲ್ಲಿ ಗೆಳೆಯರ ಜೊತೆ ಕ್ಯೋಟೋದಲ್ಲಿ ಹೊಸ ಲಿಪಿಕಲೆಯ ಬಳಗ ಕಟ್ಟಿದರು. ನಡುವೆ ಸ್ವಲ್ಪ ಕಾಲ ಅಕ್ಷರಗಳನ್ನೇ ತೊರೆದು ಬರಿಯ ಗೆರೆ ಎಳೆದರು. ಅದು ಒಗ್ಗದೆ ಮತ್ತೆ ಅಕ್ಷರಕ್ಕೇ ಬಂದರು. 'ಬಡತನ' ಎಂಬ ಅರ್ಥದ ಒಂದೇ ಅಕ್ಷರವನ್ನು ಆಳೆತ್ತರದ ಹಾಳೆಗಳಲ್ಲಿ ಮತ್ತೆ ಮತ್ತೆ ಬರೆದರು. ಆ ಅಕ್ಷರ ಕಾಲಗಲಿಸಿ ಹೊರಟ ಮುದುಕನಂತೆ ಕಾಣುತ್ತದೆ. ಆ ರಾತ್ರಿಯ ಬಗ್ಗೆ ಬರೆಯಲು ಅವರಿಗೆ ಮೂವತ್ತಮೂರು ವರ್ಷ ಬೇಕಾಯಿತು. 1978ರ ಆ ಹಾಳೆಯಲ್ಲಿ ಅಕ್ಷರಗಳು ಒಂದರ ಮೇಲೊಂದು ಬಿದ್ದು ನುಗ್ಗಾಡುತ್ತವೆ.

ಇಂಥವರ ಬಗ್ಗೆ ನಮ್ಮ ಪತ್ರಿಕೆಗಳು (ನನ್ನದನ್ನೂ ಸೇರಿಸಿ) ಯಾವಾಗ ಬರೆಯುತ್ತವೆ? ಹರಾಜಾದಾಗ. ಪ್ಯಾರಿಸ್ಸಿನಲ್ಲಿ ನೆಲೆಸಿದ್ದ ಚೀನಾದ ಝಾವೋ ವೂಕಿ 2013ರಲ್ಲಿ ತೀರಿಕೊಂಡಾಗ ಸುಮ್ಮನಿದ್ದವರು, 2018ರಲ್ಲಿ ಅವರ ಚಿತ್ರವೊಂದು 51 ಕೋಟಿ ಹಾಂಗ್‌ಕಾಂಗ್ ಡಾಲರಿಗೆ ಹೋದಾಗ ಕಣ್ಣರಳಿಸಿದೆವು. ಆ ಚಿತ್ರ ಹತ್ತು ಮೀಟರ್ ಉದ್ದ, ಎದುರು ನಿಂತರೆ ಮಂಜಿನಲ್ಲಿ ನಿಂತ ಹಾಗೆ ಎಂಬುದನ್ನು ಯಾರು ಬರೆದರು? ಗ್ಯಾಲರಿಗಳಲ್ಲಿಯೂ ಇದೇ ಕಥೆ. ಚಿತ್ರದ ಕೆಳಗಿನ ಚೀಟಿಯನ್ನು ಓದುವಷ್ಟು ಹೊತ್ತು ಚಿತ್ರವನ್ನು ನೋಡುವವರಿಲ್ಲ. ಇನ್ನು ಶಾಲೆಗಳಲ್ಲಿ ಡ್ರಾಯಿಂಗ್ ಮೇಷ್ಟ್ರ ಪೀರಿಯಡ್ಡನ್ನು ಗಣಿತದವರು ಕಸಿದುಕೊಳ್ಳುತ್ತಾರೆ, ಕಾಪಿ ಬರೆಸುವುದನ್ನು ಶಿಕ್ಷೆಗೆಂದು ಮೀಸಲಿಟ್ಟಿದ್ದಾರೆ. ನಿಮ್ಮಂತೆ ದೀರ್ಘ ಎಳೆಯುವವರು ಮುಂದೆ ಎಲ್ಲಿಂದ ಬರಬೇಕು?

ಶಿನೋಡಾ ನೂರು ದಾಟಿದ ಮೇಲೂ ಕುಂಚ ಹಿಡಿದಿದ್ದರು. 2021ರ ಮಾರ್ಚಿನಲ್ಲಿ ತೀರಿಕೊಂಡಾಗ ಅವರಿಗೆ 107.

ನಿಮ್ಮ ಪತ್ರವನ್ನು ಅಚ್ಚಿಗೆ ಕೊಡುವಾಗ ಟೈಪು ಮಾಡಿಸಬೇಕಾಯಿತು. ನಿಮ್ಮ ದೀರ್ಘಗಳೆಲ್ಲ ಒಂದೇ ಅಳತೆಗೆ ಬಂದಿವೆ, 'ನಕಲು' ಎಂಬಲ್ಲಿ ಕಾಗದ ಗೀರಿಲ್ಲ. ಕ್ಷಮಿಸಿ. ಮೂಲ ಪತ್ರ ನನ್ನ ಮೇಜಿನ ಗಾಜಿನ ಕೆಳಗಿದೆ, ವಾಪಸು ಕೇಳಬೇಡಿ.