ನಗರದ ನಡುವಿನ ಗೋಪುರದಲ್ಲಿ ಮನೆ: ಹಣ ಕಟ್ಟುವ ಮುನ್ನ

ಪ್ರಶ್ನೆ: ನಾನು ಮತ್ತು ನನ್ನ ಪತ್ನಿ ಇಬ್ಬರೂ ಬೆಂಗಳೂರಿನ ಎಂ.ಜಿ. ರಸ್ತೆಯ ಆಸುಪಾಸಿನ ಕಚೇರಿಗಳಲ್ಲಿ ಕೆಲಸ ಮಾಡುತ್ತೇವೆ. ಅಲ್ಲೇ ಸಮೀಪ ನಿರ್ಮಾಣವಾಗುತ್ತಿರುವ 30 ಮಹಡಿಗಳ ವಸತಿ ಗೋಪುರದ 18ನೇ ಮಹಡಿಯಲ್ಲಿ 1,650 ಚದರಡಿಯ ಫ್ಲ್ಯಾಟ್ ನೋಡಿದ್ದೇವೆ. ಚದರಡಿಗೆ 16,000 ರೂಪಾಯಿ ದರ. ಈ ವಾರದೊಳಗೆ ಶೇ 20ರಷ್ಟು ಹಣ ಕಟ್ಟಿ, ಕರಾರು ಪತ್ರ ಆಮೇಲೆ ಮಾಡಿಕೊಳ್ಳೋಣ ಎನ್ನುತ್ತಿದ್ದಾರೆ. ಮುಂದುವರಿಯಬಹುದೇ?

ಉತ್ತರ: ಕಚೇರಿಗೆ ಹತ್ತಿರ ಮನೆ ಮಾಡುವ ನಿಮ್ಮ ಯೋಚನೆ ಸರಿಯಾದದ್ದೇ, ಆದರೆ ಈ ಷರತ್ತಿಗೆ ಒಪ್ಪಿ ಹಣ ಕಟ್ಟಬೇಡಿ. 2016ರ ರೇರಾ ಕಾಯ್ದೆಯ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆಯ, 13ನೇ ಸೆಕ್ಷನ್ ಪ್ರಕಾರ, ಮಾರಾಟದ ಕರಾರು ಪತ್ರ ಬರೆದು ನೋಂದಣಿ ಮಾಡಿಸುವ ಮೊದಲು ಬಿಲ್ಡರ್ ಮನೆಯ ಬೆಲೆಯ ಶೇ 10ಕ್ಕಿಂತ ಹೆಚ್ಚು ಮೊತ್ತ ಪಡೆಯುವಂತಿಲ್ಲ. ಮೊದಲ ಮಾತಿನಲ್ಲೇ ಕಾನೂನು ಮೀರುವವರು ಮುಂದಿನ ಹಂತಗಳಲ್ಲಿ ಅದನ್ನು ಪಾಲಿಸುತ್ತಾರೆಂದು ನಂಬಲು ನನಗೆ ಕಾರಣ ಕಾಣುವುದಿಲ್ಲ. ಕರ್ನಾಟಕ ರೇರಾ ಜಾಲತಾಣದಲ್ಲಿ ಯೋಜನೆಯ ನೋಂದಣಿ ಸಂಖ್ಯೆ, ಮಂಜೂರಾದ ನಕ್ಷೆ ಮತ್ತು ಮುಗಿಸಬೇಕಾದ ದಿನಾಂಕವನ್ನು ನೀವೇ ನೋಡಬಹುದು. ಮಂಜೂರಾದ ನಕ್ಷೆಯಲ್ಲಿ ನಿಜಕ್ಕೂ 30 ಮಹಡಿಗಳಿವೆಯೇ ಎಂಬುದನ್ನು ಎಣಿಸಿಯೇ ಖಚಿತಪಡಿಸಿಕೊಳ್ಳಿ.

ಇನ್ನು ಬೆಲೆ. 1,650 ಚದರಡಿ ಎಂಬುದು ಸಾಮಾನ್ಯವಾಗಿ ಸೂಪರ್ ಬಿಲ್ಟ್‌ಅಪ್ ಲೆಕ್ಕ. ಲಿಫ್ಟ್, ಮೆಟ್ಟಿಲು, ಲಾಬಿ, ಕ್ಲಬ್‌ಹೌಸ್‌ಗಳಲ್ಲಿ ನಿಮ್ಮ ಪಾಲು ಅದರೊಳಗೆ ಸೇರಿರುತ್ತದೆ. ಕಾಯ್ದೆ ಹೇಳುವ ಕಾರ್ಪೆಟ್ ಏರಿಯಾದಲ್ಲಿ, ಅಂದರೆ ಮನೆಯೊಳಗೆ ಬಳಸಲು ಸಿಗುವ ಜಾಗದಲ್ಲಿ, ಒಳಗಿನ ಅಡ್ಡಗೋಡೆಗಳು ಸೇರುತ್ತವೆ. ಹೊರಗೋಡೆ, ಬಾಲ್ಕನಿ ಮತ್ತು ಶಾಫ್ಟ್‌ಗಳು ಸೇರುವುದಿಲ್ಲ. ಅದು 1,120 ಚದರಡಿಯಷ್ಟಿದೆ ಎಂದಿಟ್ಟುಕೊಳ್ಳಿ. ಆಗ ನೀವು ಕೊಡುವ 2.64 ಕೋಟಿ ರೂಪಾಯಿಯನ್ನು ಭಾಗಿಸಿದರೆ ಬಳಸಲು ಸಿಗುವ ಪ್ರತಿ ಚದರಡಿಗೆ ಸುಮಾರು 23,570 ರೂಪಾಯಿ ಬೀಳುತ್ತದೆ. ಬೇರೆ ಫ್ಲ್ಯಾಟ್‌ಗಳ ಜೊತೆ ಹೋಲಿಸಬೇಕಾದದ್ದು ಈ ಅಂಕಿಯನ್ನು. ನಿರ್ಮಾಣ ಹಂತದ ಮನೆಯಾದ್ದರಿಂದ ಶೇ 5ರ ಜಿಎಸ್‌ಟಿ, ಅಂದರೆ 13.20 ಲಕ್ಷ, ಇದರ ಮೇಲೆ ಬರುತ್ತದೆ. ಮುದ್ರಾಂಕ ಮತ್ತು ನೋಂದಣಿ ಶುಲ್ಕ ಬೇರೆ.

ನಾನು ಹೆಚ್ಚು ಒತ್ತಿ ಹೇಳಬೇಕಾದದ್ದು ಯುಡಿಎಸ್ ಕುರಿತು, ಅಂದರೆ ನೆಲದಲ್ಲಿ ನಿಮಗೆ ಬರುವ ಅವಿಭಜಿತ ಪಾಲಿನ ಕುರಿತು. ಕಟ್ಟಡಕ್ಕೆ ವಯಸ್ಸಾಗುತ್ತದೆ, ನಗರಮಧ್ಯದ ನೆಲಕ್ಕೆ ಬೆಲೆ ಏರುತ್ತದೆ. ಒಂದು ಎಕರೆ ನಿವೇಶನದಲ್ಲಿ, ಅಂದರೆ 43,560 ಚದರಡಿಯಲ್ಲಿ, 120 ಮನೆಗಳಿದ್ದರೆ ಸರಾಸರಿ ಪಾಲು 363 ಚದರಡಿ. ಅದೇ ಜಾಗದಲ್ಲಿ 200 ಮನೆಗಳೆದ್ದರೆ ಅದು 218ಕ್ಕೆ ಇಳಿಯುತ್ತದೆ. ನಲವತ್ತು ವರ್ಷಗಳ ನಂತರ ಕಟ್ಟಡ ಕೆಡವಿ ಹೊಸದು ಕಟ್ಟುವ ಮಾತು ಬಂದಾಗ ನಿಮ್ಮ ಮಕ್ಕಳ ಕೈಯಲ್ಲಿ ಉಳಿಯುವುದು ಈ ಪಾಲು ಮಾತ್ರ. ಆದ್ದರಿಂದ ಅದು ಎಷ್ಟು ಚದರಡಿ ಎಂಬುದು ಕರಾರು ಪತ್ರದಲ್ಲಿ ಸಂಖ್ಯೆಯಾಗಿಯೇ ನಮೂದಾಗಿರಬೇಕು.

ಬೆಂಕಿಯ ವಿಚಾರವನ್ನು ಮಾರಾಟ ಕಚೇರಿಯಲ್ಲಿ ಯಾರೂ ತಾವಾಗಿ ಎತ್ತುವುದಿಲ್ಲ, ನೀವೇ ಎತ್ತಿ. 2010ರ ಫೆಬ್ರುವರಿ 23ರಂದು ಹಳೇ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ ಒಂಬತ್ತು ಮಂದಿ ಸತ್ತರು. ದಟ್ಟ ಹೊಗೆ ತಾಳಲಾರದೆ ಕಿಟಕಿಯಿಂದ ಹಾರಿದವರೂ ಅವರಲ್ಲಿದ್ದರು. ಅದು ನಿಮ್ಮ ಗೋಪುರಕ್ಕಿಂತ ಎಷ್ಟೋ ಗಿಡ್ಡದಾದ ಕಟ್ಟಡವಾಗಿತ್ತು. ಪ್ರತಿ ಮಹಡಿಯಿಂದ ಎರಡು ಪ್ರತ್ಯೇಕ ಮೆಟ್ಟಿಲುಗಳಿವೆಯೇ, ಅವುಗಳ ಬಾಗಿಲು ಬೆಂಕಿ ಮತ್ತು ಹೊಗೆಯನ್ನು ತಡೆಯುವಂಥವೇ, ಅಗ್ನಿಶಾಮಕ ದಳದ ಏಣಿ ವಾಹನ ಕಟ್ಟಡದ ಸುತ್ತ ತಿರುಗುವಷ್ಟು ಜಾಗವಿದೆಯೇ ಎಂಬುದನ್ನು ನಕ್ಷೆಯ ಮೇಲೆ ಬೆರಳಿಟ್ಟು ತೋರಿಸಲು ಹೇಳಿ.

ಪ್ರಶ್ನೆ: ನಾವು ಕೊಂಡಿರುವ ಗೋಪುರ ಪೂರ್ಣವಾಗಿದೆ, ಆದರೆ ಒ.ಸಿ. (ವಾಸಯೋಗ್ಯ ಪ್ರಮಾಣಪತ್ರ) ಬಂದಿಲ್ಲ. ಕೀಲಿ ತೆಗೆದುಕೊಂಡು ವಾಸಕ್ಕೆ ಬನ್ನಿ ಎನ್ನುತ್ತಿದ್ದಾರೆ. ಬಾಡಿಗೆ ಉಳಿಯುತ್ತದೆ, ಹೋಗಬಹುದೇ?

ಉತ್ತರ: ಹೋಗಬೇಡಿ. ಕಟ್ಟಡ ಮಂಜೂರಾದ ನಕ್ಷೆಯಂತೆ ಇದೆ, ಜನರ ವಾಸಕ್ಕೆ ಯೋಗ್ಯವಾಗಿದೆ ಎಂದು ಪಾಲಿಕೆ ಕೊಡುವ ಪತ್ರವೇ ಒ.ಸಿ.; ಅದು ತಡವಾಗುತ್ತಿದೆ ಎಂದರೆ ನಕ್ಷೆ ಮೀರಿ ಕಟ್ಟಿರುವ ಸಾಧ್ಯತೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ಒ.ಸಿ. ಪಡೆದ ನಂತರವೇ ಮನೆ ಹಸ್ತಾಂತರಿಸಬೇಕು, ವಿದ್ಯುತ್ ಮತ್ತು ನೀರಿನ ಸಂಪರ್ಕವನ್ನೂ ಅದನ್ನು ನೋಡಿಯೇ ಕೊಡಬೇಕು ಎಂದು ನಿರ್ದೇಶನ ನೀಡಿದೆ. ತಾತ್ಕಾಲಿಕ ಸಂಪರ್ಕದ ದುಬಾರಿ ವಿದ್ಯುತ್ತಿನಲ್ಲಿ, ಟ್ಯಾಂಕರ್ ನೀರಿನಲ್ಲಿ ದಿನ ದೂಡುವಾಗ ಉಳಿದ ಬಾಡಿಗೆಯ ಬಹುಪಾಲು ಅಲ್ಲೇ ಕರಗುತ್ತದೆ.

ಕರಾರಿನಲ್ಲಿ ಬರೆದ ಹಸ್ತಾಂತರದ ದಿನ ದಾಟಿದ್ದರೆ, ರೇರಾ ಕಾಯ್ದೆಯ 18ನೇ ಸೆಕ್ಷನ್ ಅಡಿ ಮನೆ ಉಳಿಸಿಕೊಂಡೇ ತಡವಾದ ಪ್ರತಿ ತಿಂಗಳಿಗೂ ಬಡ್ಡಿ ಕೇಳುವ ಹಕ್ಕು ನಿಮಗಿದೆ. ಕೀಲಿ ಕೊಡುವಾಗ ‘ಯಾವುದೇ ತಕರಾರಿಲ್ಲ’ ಎಂಬ ಪತ್ರಕ್ಕೆ ಸಹಿ ಕೇಳಿದರೆ ಹಾಕಬೇಡಿ. ಒ.ಸಿ. ಯಾವ ದಿನಾಂಕಕ್ಕೆ ಬರುತ್ತದೆಂದು ಇ-ಮೇಲ್ ಮೂಲಕವೇ ಕೇಳಿ, ಬಂದ ಉತ್ತರವನ್ನು ಕಾದಿಟ್ಟುಕೊಳ್ಳಿ. ಅದೇ ಗೋಪುರದಲ್ಲಿ ಕೊಂಡ ಇತರರ ಜೊತೆ ಸೇರಿ ಕರ್ನಾಟಕ ರೇರಾ ಪ್ರಾಧಿಕಾರಕ್ಕೆ ದೂರು ಸಲ್ಲಿಸುವಾಗ ಅದು ಬೇಕಾಗುತ್ತದೆ.