ಸಂಪಾದಕರ ಉತ್ತರ: ಚಟ ಬಿಟ್ಟರೆ ಸಾಕೇ?

ಬಡತನ ಮತ್ತು ಹೃದ್ರೋಗದ ಕುರಿತ ನಮ್ಮ ಲೇಖನ ಓದಿ ನೀವು ಬರೆದ ಪತ್ರ ತಲುಪಿದೆ. ಬಡವರ ಆರೋಗ್ಯ ಕೆಡುವುದು ಧೂಮಪಾನ, ಕುಡಿತ, ಹೊತ್ತುಗೊತ್ತಿಲ್ಲದ ಊಟದಿಂದ; ಅದಕ್ಕೆ ಅಸಮಾನತೆಯನ್ನು ದೂರುವುದೇಕೆ ಎಂದು ಕೇಳಿದ್ದೀರಿ. ಚಿಕಿತ್ಸೆ ಉಚಿತವಾಗಿ ಸಿಕ್ಕರೆ ಸಮಸ್ಯೆ ಮುಗಿಯಿತು ಎಂದೂ ಬರೆದಿದ್ದೀರಿ. ನಿಮ್ಮ ಸಂಘದಿಂದ ಚಟ ಬಿಡಿಸುವ ಶಿಬಿರ ನಡೆಸುವ ಯೋಚನೆಯೂ ಇದೆ. ಆ ಶಿಬಿರ ಖಂಡಿತ ಆಗಲಿ. ಆದರೆ ಮೊದಲಿನ ಎರಡು ಮಾತು ಒಪ್ಪುವುದು ಕಷ್ಟ.

1967ರಲ್ಲಿ ಲಂಡನ್ನಿನ ವೈಟ್‌ಹಾಲ್‌ ಸರ್ಕಾರಿ ಕಚೇರಿಗಳ ಸುಮಾರು 18,000 ಗಂಡಸರ ಅಧ್ಯಯನ ಶುರುವಾಯಿತು. ಅವರಲ್ಲಿ ನಿರ್ಗತಿಕರು ಯಾರೂ ಇರಲಿಲ್ಲ. ಎಲ್ಲರಿಗೂ ನೌಕರಿ, ಸಂಬಳ ಇತ್ತು. 1948ರಿಂದಲೇ ಆ ದೇಶದಲ್ಲಿ ವೈದ್ಯರನ್ನು ಕಾಣಲು ದುಡ್ಡು ಕೊಡಬೇಕಿರಲಿಲ್ಲ. ಆದರೂ ಹೃದ್ರೋಗದಿಂದ ಸಾಯುವವರ ಪ್ರಮಾಣ ಮೇಲಧಿಕಾರಿಗಳಿಗಿಂತ ಜವಾನರಲ್ಲಿ, ಬಾಗಿಲು ಕಾಯುವವರಲ್ಲಿ ಮೂರು ಪಟ್ಟಿಗೂ ಹೆಚ್ಚಿತ್ತು. ಕೆಳದರ್ಜೆಯವರು ಹೆಚ್ಚು ಸಿಗರೇಟು ಸೇದುತ್ತಿದ್ದದ್ದು ನಿಜ. ಆದರೆ ಸಿಗರೇಟು, ರಕ್ತದೊತ್ತಡ, ಕೊಲೆಸ್ಟರಾಲ್‌ ಎಲ್ಲವನ್ನೂ ಲೆಕ್ಕಕ್ಕೆ ಹಿಡಿದ ಮೇಲೂ ಅಂತರದ ಬಹುಪಾಲು ಹಾಗೇ ಉಳಿಯಿತು. ಇನ್ನೂ ಯೋಚನೆಗೆ ಹಚ್ಚುವ ಸಂಗತಿಯೆಂದರೆ, ಮೇಲಿನಿಂದ ಎರಡನೇ ಮೆಟ್ಟಿಲಿನವರಿಗೂ ಮೊದಲನೆಯವರಿಗಿಂತ ಅಪಾಯ ಹೆಚ್ಚಿತ್ತು.

1985ರಲ್ಲಿ ಹೆಂಗಸರನ್ನೂ ಸೇರಿಸಿಕೊಂಡು ಎರಡನೇ ಅಧ್ಯಯನ ಆರಂಭವಾಯಿತು. ತಮ್ಮ ಕೆಲಸದ ಮೇಲೆ ತಮಗೇ ಹಿಡಿತವಿಲ್ಲದವರಲ್ಲಿ ಹೃದ್ರೋಗ ಹೆಚ್ಚು ಎಂಬುದು ಅದರಲ್ಲಿ ಕಂಡಿತು. ಗಾಬರಿಯಾದಾಗ ದೇಹ ಅಡ್ರಿನಲಿನ್‌, ಕಾರ್ಟಿಸಾಲ್‌ ಎಂಬ ಹಾರ್ಮೋನುಗಳನ್ನು ಸುರಿಸಿ ರಕ್ತದೊತ್ತಡವನ್ನೂ ರಕ್ತದ ಸಕ್ಕರೆಯನ್ನೂ ಏರಿಸುತ್ತದೆ. ಹತ್ತು ನಿಮಿಷದ ಮಟ್ಟಿಗೆ ಅದು ರಕ್ಷಣೆ. ಬಾಡಿಗೆ, ಸಾಲ, ನಾಳೆ ಕೆಲಸ ಇದೆಯೋ ಇಲ್ಲವೋ ಎಂಬ ಚಿಂತೆಯಲ್ಲಿ ವರ್ಷಗಟ್ಟಲೆ ಹೀಗೇ ನಡೆದರೆ ಹೊಟ್ಟೆಯ ಸುತ್ತ ಕೊಬ್ಬು ಕೂಡುತ್ತದೆ, ರಕ್ತದ ಸಕ್ಕರೆ ಇಳಿಸುವ ಇನ್ಸುಲಿನ್ನಿಗೆ ದೇಹ ಸರಿಯಾಗಿ ಸ್ಪಂದಿಸುವುದಿಲ್ಲ, ರಕ್ತನಾಳದ ಒಳಪದರ ಕೆಡುತ್ತದೆ.

ಇನ್ನು ಉಚಿತ ಚಿಕಿತ್ಸೆಯ ಮಾತು. ಒಂದು ಇನ್ಸುಲಿನ್‌ ಶೀಶೆಯನ್ನೇ ನೋಡೋಣ. ಅದನ್ನು ಪುಕ್ಕಟೆ ಕೊಟ್ಟರು ಎಂದುಕೊಳ್ಳಿ. ತೆರೆಯದ ಶೀಶೆ 2ರಿಂದ 8 ಡಿಗ್ರಿಯಲ್ಲಿರಬೇಕು. ಮನೆಯಲ್ಲಿ ಫ್ರಿಜ್‌ ಇಲ್ಲ. ತಗಡಿನ ಮಾಡಿನ ಕೋಣೆ ಮಧ್ಯಾಹ್ನ ಕಾದ ಬಾಣಲೆಯಂತಾಗುತ್ತದೆ. ಔಷಧದ ಕಸುವು ಇಳಿಯುತ್ತದೆ, ಸಕ್ಕರೆ ಏರುತ್ತದೆ, ಕೊನೆಗೆ ‘ಸರಿಯಾಗಿ ಚುಚ್ಚಿಕೊಂಡಿಲ್ಲ’ ಎಂಬ ಬೈಗುಳ ರೋಗಿಯ ಪಾಲಿಗೆ. ಇಂಥವರಿಗೆ ಹೇಳಬೇಕಾದದ್ದು ಇಷ್ಟು: ಮನೆಗೆ ಒಮ್ಮೆಗೆ ಒಂದೇ ಶೀಶೆ ಒಯ್ಯಿರಿ. ಬಳಕೆಯಲ್ಲಿರುವ ಶೀಶೆ ನೆರಳಿನ ತಂಪಿನಲ್ಲಿ ಸಾಮಾನ್ಯವಾಗಿ 28 ದಿನ ಬರುತ್ತದೆ; ನಿಮ್ಮ ಶೀಶೆಗೆ ಎಷ್ಟು ಎಂಬುದನ್ನು ಔಷಧ ಕೊಡುವವರಲ್ಲಿ ಕೇಳಿ. ದೊಡ್ಡ ಮಡಕೆಯೊಳಗೆ ಚಿಕ್ಕ ಮಡಕೆ ಇಟ್ಟು, ನಡುವೆ ಮರಳು ತುಂಬಿ, ಅದನ್ನು ಸದಾ ಒದ್ದೆಯಾಗಿಡಿ. ಶೀಶೆಯನ್ನು ನೀರು ತಾಗದಂತೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಒಳಗಿಡಿ. ಒಣಹವೆಯಲ್ಲಿ ಇದು ಚೆನ್ನಾಗಿ ತಂಪಾಗುತ್ತದೆ, ತೇವದ ಹವೆಯಲ್ಲಿ ಅಷ್ಟಾಗಿ ಇಲ್ಲ. ತಂಪಾಗಲಿ ಎಂದು ಮಂಜುಗಡ್ಡೆಗೆ ತಾಗಿಸಿ ಇಡಬೇಡಿ. ಹೆಪ್ಪುಗಟ್ಟಿದ ಇನ್ಸುಲಿನ್‌ ಕರಗಿದ ಮೇಲೂ ಕೆಲಸಕ್ಕೆ ಬಾರದು.

ಮಾತ್ರೆಗಳ ಕತೆಯೂ ಇದೇ. ಸಕ್ಕರೆ ಇಳಿಸುವ ಕೆಲವು ಮಾತ್ರೆ ನುಂಗಿ ಊಟ ತಪ್ಪಿಸಿದರೆ ಬೆವರು, ನಡುಕ, ಕಡೆಗೆ ಪ್ರಜ್ಞೆ ತಪ್ಪುವುದು. ಊಟದ ಬಿಡುವನ್ನು ಮೇಸ್ತ್ರಿ ನಿರ್ಧರಿಸುವ ಕಡೆ ಕೆಲಸಗಾರ ಹೆದರಿ ಮಾತ್ರೆಯನ್ನೇ ಬಿಡುತ್ತಾನೆ. ಅವನಿಗೆ ಶಿಸ್ತಿಲ್ಲ ಎನ್ನುವುದು ಅನ್ಯಾಯ. ಎಷ್ಟು ಗಂಟೆಗೆ ಉಣ್ಣುತ್ತೀರಿ, ಔಷಧ ಎಲ್ಲಿಡುತ್ತೀರಿ, ಇಲ್ಲಿಗೆ ಬಂದರೆ ಎಷ್ಟು ಕೂಲಿ ಹೋಗುತ್ತದೆ ಎಂದು ವೈದ್ಯರು ಕೇಳಿದರೆ ದಿನಕ್ಕೊಂದೇ ಸಲದ ಮಾತ್ರೆಯನ್ನೋ ಎರಡು ತಿಂಗಳ ಔಷಧವನ್ನೋ ಬರೆದುಕೊಡುವ ದಾರಿ ಕಾಣುತ್ತದೆ.

ನಿಮ್ಮ ಶಿಬಿರದ ಬಗ್ಗೆ ಎರಡು ಸಲಹೆ. ಬೆಳಿಗ್ಗೆ 11 ಗಂಟೆಗೆ ಇಟ್ಟರೆ ಕೂಲಿಯವರು ಬರುವುದಿಲ್ಲ. ಪಾಳಿ ಮುಗಿಯುವ ಹೊತ್ತಿಗೆ, ಕೆಲಸದ ಜಾಗದ ಹತ್ತಿರವೇ ಮಾಡಿ. ರಕ್ತದೊತ್ತಡ ನೋಡುವುದಾದರೆ ಓಡಿಬಂದವರನ್ನು 5 ನಿಮಿಷ ಸುಮ್ಮನೆ ಕೂರಿಸಿ. ಬೆನ್ನಿಗೆ ಆಸರೆ, ಪಾದ ನೆಲಕ್ಕೆ, ತೋಳು ಎದೆಮಟ್ಟಕ್ಕೆ. ಒಂದು ನಿಮಿಷ ಬಿಟ್ಟು ಇನ್ನೊಮ್ಮೆ ನೋಡಿ. ತೋಳಿಗೆ ಬಿಗಿಯಾಗುವ ಚಿಕ್ಕ ಪಟ್ಟಿ ಸುತ್ತಿದರೆ ಇಲ್ಲದ ಒತ್ತಡ ತೋರಿಸುತ್ತದೆ, ಆದ್ದರಿಂದ ಎರಡು ಅಳತೆಯ ಪಟ್ಟಿ ಇಟ್ಟುಕೊಳ್ಳಿ. ಒತ್ತಡ ಹೆಚ್ಚು ಕಂಡವರಿಗೆ ಬರೀ ಉಪದೇಶ ಹೇಳಿ ಕಳಿಸಬೇಡಿ. ಕೂಲಿ ತಪ್ಪದಂತೆ ಯಾವ ದಿನ, ಯಾವ ಹೊತ್ತಿಗೆ ಎಲ್ಲಿ ತೋರಿಸಬಹುದು ಎಂದು ವಿಚಾರಿಸಿ ಚೀಟಿಯಲ್ಲಿ ಬರೆದುಕೊಡಿ.

– ಸಂ.