ಪ್ರತಿಕ್ರಿಯೆ: ಅಜ್ಜಿಯ ಪದ್ಯ ದಿನಚರಿಯಾಗುತ್ತಿದೆ, ಏನು ಮಾಡಲಿ?

ಸಕಲೇಶಪುರದ ತೋಟದಲ್ಲಿ ಅಜ್ಜಿ ತೀರಿಕೊಂಡ ದಿನವನ್ನು ಬರೆಯಹೊರಟರೆ ದಿನಚರಿಯಾಗುತ್ತದೆ, ನಡೆದದ್ದನ್ನು ಬದಲಿಸಬಹುದೇ ಎಂದು ಕೇಳಿದ್ದೀರಿ. ಧಾರಾಳವಾಗಿ ಬದಲಿಸಿ. ದಿನಚರಿಯಾಗಲು ಕಾರಣ ‘ಆಮೇಲೆ’, ‘ಅಷ್ಟರಲ್ಲಿ’, ‘ಮರುದಿನ’ಗಳ ಸರಪಳಿ. ಮೊದಲು ಇಡೀ ದಿನವನ್ನು ಗದ್ಯದಲ್ಲೇ ಒಂದು ಪುಟ ಬರೆದುಬಿಡಿ. ಅದರಲ್ಲಿ ಕಣ್ಣು, ಕಿವಿ, ಮೂಗಿಗೆ ಸಿಕ್ಕಿದ್ದಕ್ಕೆ ಮಾತ್ರ ಅಡಿಗೆರೆ ಎಳೆಯಿರಿ. ನಾಲ್ಕೈದು ಉಳಿದರೆ ಸಾಕು. ‘ಶೂನ್ಯ’, ‘ನೆನಪಿನ ದೋಣಿ’ ಥರದ್ದನ್ನೆಲ್ಲ ಹೊಡೆದುಹಾಕಿ (ಸವೆದು ಸವೆದು ಇವಕ್ಕೆ ಮುಖವೇ ಉಳಿದಿಲ್ಲ). ಯಾವ ನೆಂಟರು ಬಂದರು, ಯಾರು ಅತ್ತರು ಎಂಬುದೂ ಬೇಡ.

ಒಂದು ಎಚ್ಚರ: ಸಾವನ್ನು ಬೇರೆ ತಿಂಗಳಿಗೆ ಸರಿಸಿದರೆ ತೋಟವೂ ಜೊತೆಗೆ ಸರಿಯಬೇಕು. ಪದ್ಯಕ್ಕೆ ಕಾಫಿ ಹೂವು ಬೇಕೆಂದರೆ ಬೇಸಿಗೆಯ ಹೂಮಳೆ (ಕಾಫಿ ಮೊಗ್ಗು ಅರಳಿಸುವ ಮಳೆ) ಬಿದ್ದು ಸುಮಾರು 8-10 ದಿನ ಆಗಿರಬೇಕು. ಆ ಬಿಳುಪು ನಿಲ್ಲುವುದು 3-4 ದಿನ ಅಷ್ಟೆ. ಅದೇ ವಾರ ಅರೇಬಿಕಾ ತಳಿಯ ಕಾಫಿ ಹಣ್ಣು ಕೊಯ್ಯಿಸಿದರೆ ಮಲೆನಾಡಿನ ಓದುಗ ಅಲ್ಲೇ ಪುಟ ಮಡಚುತ್ತಾನೆ. ಅದರ ಕೊಯ್ಲು ಹೆಚ್ಚಾಗಿ ನವೆಂಬರ್‌ನಿಂದ ಜನವರಿ.

ಕೊನೆಗೆ, ‘ನಾನು’ ಇರುವಲ್ಲೆಲ್ಲ ‘ಅವಳು’ ಹಾಕಿ ಗಟ್ಟಿಯಾಗಿ ಓದಿ. ಯಾವ ಸಾಲು ಅರ್ಥವಾಗದೆ ಉಳಿಯುತ್ತದೋ ಅದು ನಿಮ್ಮ ನೆನಪಿನಲ್ಲಷ್ಟೇ ಇದೆ, ಕಾಗದದ ಮೇಲೆ ಬಂದಿಲ್ಲ. ಅಲ್ಲಿ ಅಜ್ಜಿಯ ಎಲೆಅಡಿಕೆ ಸಂಚಿಯಂಥ ಒಂದು ವಸ್ತುವನ್ನು ಇಟ್ಟು ನೋಡಿ.